ಅಕ್ಷರದ ಅಡಿಯ ಕಪ್ಪು

ಅತ್ತಾವರದಲ್ಲಿ ಇನ್ನೂ ಬೆಳಕು ಹರಿದಿಲ್ಲ. ಮಗ್ದಲೀನ್ ಬಾಯಿ ಆಗಲೇ ಜಗಲಿಯಲ್ಲಿ ಕೂತು ದೀಪದ ಮಸಿಯನ್ನು ಅಗಸೆ ಎಣ್ಣೆಯಲ್ಲಿ ಅರೆಯುತ್ತಿದ್ದಾರೆ. ರಸ್ತೆಯ ಧೂಳು ಏಳುವ ಮೊದಲು ಹಲಗೆಗೆ ಬಣ್ಣ ಬಿದ್ದಿರಬೇಕು. ಒಂದೊಂದಕ್ಕೂ ಮೂರು ಕೋಟು.

ಹಂಪನಕಟ್ಟೆಯಿಂದ ಬಂದರಿನವರೆಗೆ ಅಂಗಡಿಗಳ ಹೆಸರು ಬರೆಯುವವರು ಅವರ ಗಂಡ ಲಿಗೋರಿ. ಎಂಥ ಕೈ ಎಂದು ಊರೇ ಹೊಗಳುತ್ತದೆ. ಆ ಅಕ್ಷರಗಳ ಅಡಿಯ ಕಪ್ಪು ಬಳಿದವರು ಯಾರೆಂದು ಒಬ್ಬರಾದರೂ ಕೇಳಬೇಕಲ್ಲ! ಹನ್ನೊಂದು ವರ್ಷ, ವಾರಕ್ಕೆ ಏಳೆಂಟು ಹಲಗೆ. ಮಗ್ದಲೀನ್ ಬಾಯಿಗೆ ದೂರಿಲ್ಲ. “ಅಕ್ಷರ ಕಾಣಬೇಕು, ಕಪ್ಪು ಕಾಣಬಾರದು. ಕೆಲಸ ಚಂದ ಆಯ್ತು ಅಂದ್ರೆ ಅದೇ ಅಲ್ವಾ?” ಎನ್ನುತ್ತಾರೆ.

ಆದರೆ ಕಳೆದ ಮಳೆಗಾಲದಲ್ಲಿ ಒಂದು ಹಲಗೆಯನ್ನು ಅವರು ತಮಗಾಗಿಯೇ ಬಳಿದರು. ಅದರಲ್ಲಿ ಮುಖವಿಲ್ಲ, ಕೈಕಾಲಿಲ್ಲ. ಕಪ್ಪಿನ ಮೇಲೆ ಕಪ್ಪು, ಬೆರಳಲ್ಲಿ ಎಳೆದ ದಪ್ಪ ಗೆರೆಗಳು, ನಡುವೆ ಕೆನ್ನೆಯಷ್ಟಗಲ ಬಣ್ಣವಿಲ್ಲದ ಜಾಗ. ಅದು ಅವರ ತೀರಿಹೋದ ತಾಯಿ ರೊಸಾಲಿನ್.

ರೊಸಾಲಿನ್ ಹಂಚಿನ ಕಾರ್ಖಾನೆಯಲ್ಲಿ, ಹಂಚು ಸುಡುವ ಗೂಡಿನಲ್ಲಿ ಕೆಲಸಕ್ಕಿದ್ದವರು. ಸಂಜೆ ಮೈಯೆಲ್ಲ ಮಸಿಯಾಗಿ ಬಂದರೆ ಪುಟ್ಟ ಮಗ್ದಲೀನ್ ಕಿರುಚಿ ಓಡುತ್ತಿದ್ದಳಂತೆ. “ಸ್ನಾನ ಆದ ಮೇಲೆಯೇ ನನ್ನನ್ನು ಎತ್ತಿಕೊಳ್ಳುವುದು. ಒಂದು ದಿನ ನನಗೆ ಜೋರು ಜ್ವರ. ಅಮ್ಮ ಹಾಗೆಯೇ ಬಂದು ಎದೆಗೆ ಒತ್ತಿಕೊಂಡ್ರು. ನನ್ನ ಕೆನ್ನೆಗೆ ಮಸಿ ಬಂತು, ಅಮ್ಮನ ಎದೆಯಲ್ಲಿ ಅಷ್ಟು ಜಾಗ ಬೆಳ್ಳಗಾಯ್ತು. ಆ ಕಪ್ಪಿಗೆ ಹೆದರಿದ್ದೂ ಉಂಟು, ಅದರಲ್ಲೇ ನಿದ್ದೆ ಹೋದದ್ದೂ ಉಂಟು.” ಹೇಳುವಾಗ ಅವರ ಕೈ ಅರೆಯುವುದನ್ನು ನಿಲ್ಲಿಸುತ್ತದೆ.

ಎಡವಟ್ಟಾದದ್ದು ಹೋದ ಗುರುವಾರ. ಬಂದರಿನ ಝಕರಿಯಾ ಸಾಹುಕಾರರಿಗೆ ಮರುದಿನವೇ ಬೋರ್ಡು ಬೇಕಿತ್ತು. ಒಣಗಿದ ಹಲಗೆ ಹುಡುಕಿದ ಲಿಗೋರಿಗೆ ಸಿಕ್ಕಿದ್ದು ಇದೇ. ಹೆಂಡತಿ ಒಂದು ಕಡೆ ಬಳಿಯಲು ಮರೆತಿದ್ದಾಳೆ ಅಂದುಕೊಂಡು ಅಲ್ಲಿಗೂ ಕಪ್ಪು ತುಂಬಿದರು. ಮಗ್ದಲೀನ್ ಬಾಯಿ ಇಗರ್ಜಿಯಲ್ಲಿ ಪ್ರಾರ್ಥನೆ ಮುಗಿಸಿ ಬರುವಷ್ಟರಲ್ಲಿ ಮೇಲ್ಗಡೆ ‘ಝ’ ಬರೆದಾಗಿತ್ತು.

ಅವರು ಸೀಮೆಎಣ್ಣೆಯ ಬಟ್ಟೆ ಹಿಡಿದು ಆ ಅಕ್ಷರವನ್ನು ಒರೆಸಿಯೇಬಿಟ್ಟರು. ಮದುವೆಯಾದ ಮೇಲೆ ಗಂಡನ ಅಕ್ಷರಕ್ಕೆ ಕೈ ಹಾಕಿದ್ದು ಅದೇ ಮೊದಲು.

“ಎಂತ ಮಾರಾಯ್ತಿ, ತಲೆ ಕೆಟ್ಟಿದೆಯಾ? ಇದರಲ್ಲಿ ಎಂತ ಉಂಟು?” ಲಿಗೋರಿ ರೇಗಿದರು.

“ಅಮ್ಮ ಉಂಟು. ಬೇರೆ ಹಲಗೆ ಮಾಡಿಕೊಡ್ತೇನೆ. ಅಮ್ಮನ ಮೇಲೆ ಅಂಗಡಿ ಹೆಸರು ಬರೀಬೇಡಿ.”

ಗಲಾಟೆ ಕೇಳಿ ಪಕ್ಕದ ಮನೆಯ ಸುಂದರಿ ಬಂದರು. ರೊಸಾಲಿನ್ ಜೊತೆ ಅದೇ ಗೂಡಿನಲ್ಲಿ ದುಡಿದ ಮುದುಕಿ. ಹಲಗೆಯನ್ನು ತುಂಬ ಹೊತ್ತು ನೋಡಿದರು. “ಹೌದಪ್ಪಾ, ರೊಸಾಲಿನ್ ಬಾಯಿಯೇ. ಗೂಡಿನಿಂದ ಹೊರಗೆ ಬರುವಾಗ ಹೀಗೆಯೇ. ಅಲ್ಲ, ಜ್ವರದ ದಿನ ಎದೆಯಲ್ಲಿ ಮಗುವಿನ ಕೆನ್ನೆಯ ಗುರುತು ಇತ್ತಲ್ಲ, ಆ ಮಗು ಎಲ್ಲಿ?”

ಮಗ್ದಲೀನ್ ಬಾಯಿಗೆ ಅಳು ತಡೆಯಲಾಗಲಿಲ್ಲ. ಹಲಗೆಯ ಮುಂದೆ ಮಂಡಿಯೂರಿ, ಗಂಡ ತುಂಬಿದ್ದ ಹಸಿ ಕಪ್ಪಿಗೆ ಕೆನ್ನೆ ಒತ್ತಿದರು. ಮತ್ತೆ ಮತ್ತೆ ಒತ್ತಿದರು. ಕಪ್ಪು ಕೆನ್ನೆಗೆ ಹತ್ತಿತು, ಜಾಗ ಹೆಚ್ಚುಕಡಿಮೆ ಮೊದಲಿನಂತಾಯಿತು. ಲಿಗೋರಿ ಬೇರೆ ಹಲಗೆ ತಂದು ತಾವೇ ಕಪ್ಪು ಬಳಿಯಲು ಕೂತರು. ಮೂರನೇ ಸಲ ಬಳಿಯುವಷ್ಟರಲ್ಲಿ ಅವರ ಸೊಂಟ ಹಿಡಿಯಿತು.

ಬೋರ್ಡು ಎರಡು ದಿನ ತಡವಾಯಿತು. ಅಮ್ಮ ಈಗ ಅಡುಗೆಮನೆಯ ಗೋಡೆಯಲ್ಲಿದ್ದಾರೆ. ಯಾರಾದರೂ ನೋಡಬೇಕೆಂಬ ಆಸೆ ಮಗ್ದಲೀನ್ ಬಾಯಿಗೆ ಇಲ್ಲವಂತೆ.

“ಸುಂದರಿ ಅಕ್ಕ ನೋಡಿದ್ರಲ್ಲ, ಸಾಕು. ಆ ದಿನ ಕೆನ್ನೆ ತೊಳೆಯಲಿಕ್ಕೆ ಮನಸ್ಸೇ ಬರಲಿಲ್ಲ. ಹಾಗೆಯೇ ಮಲಗಿದೆ.”