ಹುಳದ ಮನೆಯ ಯಜಮಾನನಿಗೆ ನರ್ಸಮ್ಮನ ಪಾಠ

ನನ್ನ ಮೊಮ್ಮಗಳು ಬದುಕಿ ಮನೆಗೆ ಬಂದಳು! ತಿಂಗಳು ತುಂಬದೆ ಹುಟ್ಟಿ, ಉಸಿರಾಟಕ್ಕೇ ಕಷ್ಟಪಡುತ್ತಿದ್ದ ಕೂಸು. ಚಿಕ್ಕಬಳ್ಳಾಪುರದ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿ ಮಲಗಿಸಿದ್ದರು. ಸುದ್ದಿ ಕೇಳಿ ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಿಂದ ಓಡಿದವನು, ಹಾಗೇ ಒಳಗೆ ನುಗ್ಗಿದೆ. ನರ್ಸಮ್ಮ ಅಡ್ಡ ನಿಂತರು.

“ನಾನು ಮಗು ತಾತ ಕಣಮ್ಮಾ!” ಎಂದು ಗದರಿದೆ.

ಅಂಗಿಗೆ ಅಂಟಿದ್ದ ರೇಷ್ಮೆ ಎಳೆ ನೋಡಿ ಆಕೆ ನಕ್ಕರು. “ರೇಷ್ಮೆ ಸಾಕೋ ನಿಮ್ ಹುಳದ ಮನೆಗೆ ಕೈಕಾಲು ತೊಳೀದೆ ಯಾರನ್ನಾದ್ರೂ ಬಿಡ್ತೀರಾ ತಾತ?”

ಹುಳಕ್ಕೆ ರೋಗ ಬಂದೀತೆಂದು ಸ್ವಂತ ಬೀಗರನ್ನೇ ಬಾಗಿಲಲ್ಲಿ ನಿಲ್ಲಿಸಿದ್ದ ಮಹಾಶಯ ನಾನು! ತೆಪ್ಪಗೆ ಸೋಪು ಹಿಡಿದೆ.

ಹುಳಕ್ಕಿಂತ ಹೆಚ್ಚು ಜೋಪಾನವಾಗಿ ಮಗುವನ್ನು ಉಳಿಸಿಕೊಟ್ಟ ಆ ನರ್ಸ್ ತಾಯಂದಿರಿಗೆ, ಡಾಕ್ಟರಿಗೆ ಕೈಮುಗಿಯುತ್ತೇನೆ. ಮಗು ಬಂದ ಸಂಜೆ ಮನೆಮಂದಿಯೆಲ್ಲ ಒಟ್ಟಿಗೆ ಉಣ್ಣಲು ಕೂತೆವು. ಅಷ್ಟು ದಿನ ಗಂಟಲಿಗಿಳಿಯದ ಮುದ್ದೆ ಅಂದು ಮೂರು ಇಳಿಯಿತು. “ನಿಧಾನ ಕಣ್ರೀ, ಮಿಕ್ಕೋರಿಗೂ ಇರ್ಲಿ” ಎಂದಳು ಹೆಂಡತಿ.