ನಾಲ್ಕನೇ ಮೇಜಿನ ಕುದುರೆ

ನಾನು ನಿಂತಿದ್ದದ್ದು ಕುಮಟೆಯ ಬಸ್ ನಿಲ್ದಾಣದ ಹಿಂದಿನ ವಾಚನಾಲಯದ ಮಹಡಿಯಲ್ಲಿ, ನಾಲ್ಕನೇ ಮೇಜಿನಿಂದ ಐದು ಹೆಜ್ಜೆ ಹಿಂದೆ, ನೀರಿನ ಹೂಜಿಯ ಪಕ್ಕ. ಮೂರು ವರ್ಷದ ಹಿಂದೆ, ಮಳೆಗಾಲ ಮುಗಿದ ಮೇಲಿನ ಎರಡನೇ ಭಾನುವಾರ. ಗೋಡೆಯ ಗಡಿಯಾರದಲ್ಲಿ ಹನ್ನೊಂದು ಹತ್ತು. ಅದು ಐದು ನಿಮಿಷ ಹಿಂದೆ, ಹಾಗಾಗಿ ಹನ್ನೊಂದೂಕಾಲು. ಇಷ್ಟು ಕರಾರುವಾಕ್ಕಾಗಿ ಹೇಳುವುದನ್ನು ಸಹಿಸಿಕೊಳ್ಳಿ. ನಾನು ಮೂವತ್ತು ವರ್ಷ ಜಮೀನು ಅಳೆದವನು. ನಿಂತ ಜಾಗ ಬರೆಯದೆ ಅಳತೆ ಬರೆಯುವುದು ನನಗೆ ಗೊತ್ತಿಲ್ಲ. ಕೊನೆಯಲ್ಲಿ ಪಂಚರ, ಅಂದರೆ ಕಣ್ಣಾರೆ ಕಂಡ ಸಾಕ್ಷಿಗಳ, ಹೆಸರನ್ನೂ ಬರೆದೇ ಮುಗಿಸುತ್ತೇನೆ.

ನಿವೃತ್ತನಾದ ಮೇಲೆ ಆ ಮಹಡಿಯಲ್ಲಿ ಮಕ್ಕಳಿಗೆ ಚದುರಂಗ ಕಲಿಸಲು ಶುರುಮಾಡಿದೆ. ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ನಲವತ್ತು ಮಕ್ಕಳು. ಚಪ್ಪಲಿಗಳ ರಾಶಿ ಮೆಟ್ಟಿಲಿಳಿದು ಅರ್ಧ ದಾರಿಗೆ ಬಂದಿರುತ್ತದೆ. ಒಬ್ಬನಿಗೆ ಉಚ್ಚೆಗೆ ಅವಸರ, ಇನ್ನೊಬ್ಬಳ ಆನೆ ಕಳೆದಿದೆ, ಮತ್ತೊಬ್ಬ ಸೋತೆನೆಂದು ಮೇಜಿನ ಕೆಳಗೆ ಕೂತಿದ್ದಾನೆ. ಈ ಗದ್ದಲದ ಮೇಲೆ ಎಂಟು ವರ್ಷ ನಾನೊಬ್ಬನೇ ಮಾಸ್ತರನಾಗಿದ್ದೆ. ಆಮೇಲೆ ಮುನೀರ್ ಸಾಹೇಬರು ಬಂದರು.

ಭಟ್ಕಳದವರು, ಬಟ್ಟೆ ಅಂಗಡಿಯನ್ನು ಮಗನಿಗೆ ಬಿಟ್ಟು, ವಾರಕ್ಕೊಮ್ಮೆ ರೈಲಿನಲ್ಲಿ ಬರುತ್ತಿದ್ದರು. ನನಗಿಂತ ನಾಲ್ಕು ವರ್ಷ ದೊಡ್ಡವರು. ಹಾಗಿದ್ದೂ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಕೈ ಊರದೆ ಎದ್ದುಬಿಡುತ್ತಿದ್ದರು. ನನಗೆ ಮೊದಲು ಹೊಟ್ಟೆಕಿಚ್ಚಾದದ್ದು ಅವರ ಮೊಣಕಾಲಿನ ಮೇಲೆ. ಅಸೂಯೆಗೂ ಒಂದು ಗಡಿಕಲ್ಲು ಇರುತ್ತದೆಂದು ತಿಳಿದಿದ್ದೆ. ಇಲ್ಲ, ಅದು ಪಕ್ಕದ ಹೊಲಕ್ಕೂ ಬೇಲಿ ಸರಿಸುತ್ತ ಹೋಗುತ್ತದೆ. ಎಂಟು ವರ್ಷ ನಾನು ‘ಮಂತ್ರಿ’ ಎಂದು ಕಲಿಸಿದ ಕಾಯಿಯನ್ನು ಅವರು ‘ವಜೀರ’ ಅಂದರು. ಆರು ತಿಂಗಳಲ್ಲಿ ಇಡೀ ಮಹಡಿ ‘ವಜೀರ, ವಜೀರ’ ಎನ್ನತೊಡಗಿತು. ಮಂತ್ರಿ ಪದಚ್ಯುತನಾದ. ಯಾರೂ ರಾಜೀನಾಮೆ ಕೇಳಲಿಲ್ಲ, ಅಷ್ಟೇ.

ಆ ಭಾನುವಾರ ಕಾರವಾರದ ಪಂದ್ಯಕ್ಕೆ ಒಬ್ಬರನ್ನು ಆರಿಸಬೇಕಿತ್ತು. ಉಳಿದವರಿಬ್ಬರು: ನಾಗವೇಣಿ, ಶ್ರೇಯಾ. ನಾಗವೇಣಿ ನನ್ನ ಶಿಷ್ಯೆ. ತಾಯಿ ಮಾದೇವಿ ಇಲ್ಲಿನ ಪೇಟೆಯಲ್ಲಿ ಮೀನು ಮಾರುವವಳು. ಶ್ರೇಯಾ ಹೊನ್ನಾವರದವಳು, ಸಾಹೇಬರು ತಯಾರುಮಾಡಿದ ಹುಡುಗಿ. ಹಿಂದಿನ ದಿನ ಅತ್ತೆಯ ಮದುವೆ ಮುಗಿಸಿ ಬಂದಿದ್ದಳು, ಮೊಣಕೈವರೆಗೆ ಹಸಿರು ಬಳೆ. ತೀರ್ಪುಗಾರರು ನಾನು ಮತ್ತು ಸಾಹೇಬರು.

ನಾಗವೇಣಿಯ ಆನೆ ಶ್ರೇಯಾಳ ಮಂತ್ರಿಗೆ ಗುರಿಯಿಟ್ಟಿತ್ತು. ಶ್ರೇಯಾ ಮಂತ್ರಿಯನ್ನು ಸರಿಸಿದರೆ ಆಟ ಅವಳದು. ಬೇರೇನು ನಡೆಸಿದರೂ ಮಂತ್ರಿ ಹೋಯಿತು. ಅವಳು ಕೈ ಚಾಚಿದಳು. ‘ಟಕ್’ ಎಂದಿತು.

“ಕುದುರೆ ಮುಟ್ಟಿದಳು!” ಎಂದೆ. “ಎರಡು ಬೆರಳಿಟ್ಟಳು. ನಾನು ಕಂಡೆ. ಮುಟ್ಟಿದ ಕಾಯಿ ನಡೆಸಬೇಕು.”

“ಇಲ್ಲ ಸರ್…” ಎಂದಳು ಶ್ರೇಯಾ.

ಸಾಹೇಬರು ವಾದ ಮಾಡುತ್ತಾರೆಂದು ಕಾದೆ. ನಿಜ ಹೇಳಬೇಕೆಂದರೆ, ಮಾಡಲಿ ಎಂದು ಹಾರೈಸಿದೆ. ಅವರು ನನ್ನ ಮುಖವನ್ನೇ ಒಂದು ಗಳಿಗೆ ನೋಡಿ, “ಮಾಸ್ತರು ಕಂಡಿದ್ರೆ ಕಂಡಿದ್ದೇ. ಕುದುರೆ ನಡೆಸು ಬೇಟಾ” ಅಂದರು. ಹುಡುಗಿ ಕಣ್ಣೊರೆಸಿಕೊಂಡು ಕುದುರೆಯ ಕಡೆ ಕೈ ತಂದಳು.

“ತಡೀರಿ ಮಾಸ್ತರೆ.” ಕಿಟಕಿಯ ಕಟ್ಟೆಯಿಂದ ಮಾದೇವಿಯ ದನಿ. ಮೀನು ಮಾರಿ, ಖಾಲಿ ಬುಟ್ಟಿಯನ್ನು ಕೆಳಗಿಟ್ಟು, ಮಗಳನ್ನು ಕರೆದೊಯ್ಯಲು ಬಂದು ಮೇಜಿನ ಪಕ್ಕಕ್ಕೇ ಕೂತಿದ್ದಳು. “ಬೆರಳಲ್ಲ. ಬಳೆ ತಾಗ್ತು.”

“ನಿಮಗೆ ಆಟ ತಿಳಿಯೂದಿಲ್ಲ ಮಾದೇವಿ.”

“ಆಟ ತಿಳಿಯೂದಿಲ್ಲ. ಕೈ ತಿಳೀತದೆ. ದಿನಾ ನೂರು ಕೈ ಕಾಣ್ತೆ. ಬಂಗಡೆ ಕಿವಿ ಎತ್ತಿ ನೋಡೂ ಕೈ ಬೇರೆ, ಮುಂದಿನ ಪಾಂಪ್ಲೆಟ್ ಮೀನಿಗೆ ಹೋಗುವಾಗ ಬಂಗಡೆಗೆ ತಾಗೂ ಕೈ ಬೇರೆ. ತಾಗ್ದವರ ಹತ್ರೆಲ್ಲ ತಗಳಿ ಅಂದ್ರೆ ನನ್ನ ಬುಟ್ಟಿ ಹತ್ರ ಯಾರು ಬತ್ರು?”

ಮಕ್ಕಳೆಲ್ಲ ನಕ್ಕರು. ನಗದವರು ಮೂವರು: ನಾನು, ನಾಗವೇಣಿ, ಶ್ರೇಯಾ. ಸಾಹೇಬರು ನನ್ನ ಕಡೆ ನೋಡಿದರು. “ಆತು” ಎಂದೆ. ಬಳೆ ತಾಗಿದ್ದು ಮುಟ್ಟಿದಂತಲ್ಲ, ಅದು ನಿಯಮ. ಶ್ರೇಯಾ ಮಂತ್ರಿಯನ್ನು ಸರಿಸಿದಳು. ಇಪ್ಪತ್ತು ನಿಮಿಷದಲ್ಲಿ ಗೆದ್ದಳು. ಕಾರವಾರಕ್ಕೆ ಅವಳೇ ಹೋದಳು.

ಮೆಟ್ಟಿಲಲ್ಲಿ ತಾಯಿ ಮಗಳ ಮಾತು ಕೇಳಿಸಿತು.

“ನಿನ್ನ ಯಾರು ಕೇಳಿದ್ರು?”

“ಯಾರೂ ಕೇಳ್ಲಿಲ್ಲ. ಕಂಡ್ತು, ಹೇಳ್ದೆ. ಚಪ್ಪಲಿ ಹುಡ್ಕು.”

ಎಲ್ಲರೂ ಹೋದ ಮೇಲೆ ನಾನು ನನ್ನ ಹಳೆಯ ಕಸುಬಿಗಿಳಿದೆ. ಕಾಯಿಗಳನ್ನು ಮೊದಲಿದ್ದಂತೆ ಜೋಡಿಸಿದೆ. ನಾಗವೇಣಿಯ ಕುರ್ಚಿಯ ಮೇಲೆ, ಅವಳ ತಲೆಯ ಎತ್ತರಕ್ಕೆ ಬರುವಂತೆ, ಹೂಜಿಯನ್ನೇ ಇಟ್ಟು, ಕೆಳಗೆ ನಾಲ್ಕು ಪುಸ್ತಕ ಒಟ್ಟಿದೆ. ಆಗ ನಿಂತಿದ್ದಂತೆಯೇ ಅವಳ ಕುರ್ಚಿಯ ಬೆನ್ನಿಗೆ ಐದು ಹೆಜ್ಜೆ ಹಿಂದೆ ಹೋಗಿ ನಿಂತೆ. ಕುದುರೆ ಕಾಣಲಿಲ್ಲ. ಬಲಕ್ಕೆ ವಾಲಿದೆ, ಕಾಣಲಿಲ್ಲ. ಅಲ್ಲಿಂದ ಕಾಣುವುದು ಎದುರಿನವಳ ಮೊಣಕೈ ಮಾತ್ರ. ‘ಟಕ್’ ಎಂದದ್ದು ಕಿವಿಗೆ ಕೇಳಿತ್ತು, ಅಷ್ಟೇ. ಎರಡು ಬೆರಳನ್ನು ಇಟ್ಟವರು ಯಾರೆಂದು ನಿಮಗೆ ಹೇಳಬೇಕಾಗಿಲ್ಲ.

ನಾನು ಸುಳ್ಳು ಹೇಳಿರಲಿಲ್ಲ. ಅದೇ ನನ್ನನ್ನು ನಡುಗಿಸಿದ್ದು. ಆ ಬೆರಳುಗಳು ಇವತ್ತಿಗೂ ನನ್ನ ಕಣ್ಣ ಮುಂದಿವೆ, ಉಗುರಿನ ಮದರಂಗಿ ಸಹಿತ. ಎಷ್ಟು ಜನರ ಹೊಲದ ಮೂಲೆಯನ್ನು ಇದೇ ಕಣ್ಣಿನಿಂದ ತೀರ್ಮಾನಿಸಿದ್ದೇನೋ ಎಂದು ಯೋಚಿಸುತ್ತ ಹೂಜಿಯ ನೀರು ಕುಡಿದೆ.

ಇದನ್ನು ಸಾಹೇಬರಿಗೆ ಹೇಳಬೇಕೆಂದು ಪ್ರತಿ ಭಾನುವಾರ ಅಂದುಕೊಂಡೆ. ಅವರು ನೆಲದಿಂದ ಕೈ ಊರದೆ ಎದ್ದಾಗಲೆಲ್ಲ, ಮುಂದಿನ ವಾರ ಹೇಳಿದರಾಯಿತು ಅನ್ನಿಸುತ್ತಿತ್ತು. ಕಳೆದ ವರ್ಷ ಅವರು ತೀರಿಕೊಂಡರು. ಭಟ್ಕಳದ ಮನೆಯ ಅಂಗಳದಲ್ಲಿ ನನ್ನ ಚದುರಂಗದ ಮಕ್ಕಳೆಲ್ಲ ಸಾಲಾಗಿ ನಿಂತು ಅಳುತ್ತಿದ್ದರು. ಅಲ್ಲಿಯೂ, ದೇವರಾಣೆ, ನನಗಾಗಿ ಇಷ್ಟು ಜನ ಅತ್ತಾರೇ ಎಂದು ಒಮ್ಮೆ ತಲೆ ಎಣಿಸಿದೆ. ಮುಂದಿನ ವಾರ ಹೊಸ ಮಗುವೊಂದಕ್ಕೆ ಕಾಯಿಗಳನ್ನು ಪರಿಚಯಿಸುತ್ತ ನನ್ನ ಬಾಯಲ್ಲೇ “ಇದು ವಜೀರ” ಎಂದು ಬಂತು. ತಿದ್ದಲು ಹೋಗಲಿಲ್ಲ.

ಇನ್ನು ಪಂಚರು. ಅಂದು ಕಂಡವರಲ್ಲಿ ಇಂದಿಗೂ ಇರುವವರು: ಶ್ರೇಯಾ, ಹೊನ್ನಾವರ, ಈಗ ಕಾಲೇಜು. ನಾಗವೇಣಿ, ಕುಮಟೆ, ಮರುವರ್ಷ ಕಾರವಾರಕ್ಕೆ ಹೋಗಿ ಬಂದಳು, ಈಗ ಸಾಹೇಬರ ಜಾಗದಲ್ಲಿ ಚಿಕ್ಕ ಮಕ್ಕಳೊಡನೆ ನೆಲದ ಮೇಲೆ ಕೂರುತ್ತಾಳೆ. ಮಾದೇವಿ, ಕುಮಟೆಯ ಮೀನುಪೇಟೆ, ಬೆಳಿಗ್ಗೆ ಹತ್ತರವರೆಗೆ ಸಿಗುತ್ತಾಳೆ. ನಾನೂ ಬದುಕಿದ್ದೇನೆ, ಆದರೆ ಕಂಡವರ ಪಟ್ಟಿಯಲ್ಲಿ ಬರುವುದಿಲ್ಲ.