ಮಾವ ಬಿಚ್ಚಿದ ಆಕ್ಸಲ್ಲು

ಕಳೆದ ವಾರ ಬಚ್ಚಲುಮನೆಯ ನಲ್ಲಿ ಬದಲಾಯಿಸಲು ಬಂದ ಪ್ಲಂಬರು, ತುಕ್ಕು ಹಿಡಿದು ಕಚ್ಚಿಕೊಂಡಿದ್ದ ಪೈಪಿಗೆ ಎಣ್ಣೆ ಬಿಟ್ಟು ಬೆಂಕಿ ತೋರಿಸಿದ. ಕಾದ ಕಬ್ಬಿಣದ, ಸುಟ್ಟ ಎಣ್ಣೆಯ ವಾಸನೆ ಅಡುಗೆಮನೆಯವರೆಗೂ ಬಂತು. ಬೇರೆಯವರಾಗಿದ್ದರೆ ಕಿಟಕಿ ತೆಗೆದು ಸುಮ್ಮನಾಗುತ್ತಿದ್ದರು. ನಾನು ಹುಳಿಗೆ ಹಾಕಬೇಕಿದ್ದ ಉಪ್ಪನ್ನು ಕೈಯಲ್ಲೇ ಹಿಡಿದುಕೊಂಡು ಹಲ್ಲು ಕಡಿಯುತ್ತ ನಿಂತೆ. ಇಪ್ಪತ್ತು ವರ್ಷ ಹಳೆಯ ಸಿಟ್ಟು ಇಷ್ಟು ತಾಜಾ ಆಗಿ ಉಳಿದಿರುತ್ತದೆಂದು ನನಗೇ ಗೊತ್ತಿರಲಿಲ್ಲ. ಉಪ್ಪಿನಕಾಯಿ ಕೂಡ ಅಷ್ಟು ವರ್ಷ ಕೆಡದೆ ಇರುವುದಿಲ್ಲ.

ಆ ಸಿಟ್ಟಿನ ಮೂಲಪುರುಷರು ನಮ್ಮ ಮಾವ, ನನ್ನ ಗಂಡನ ತಂದೆ. ಕಾರ್ಖಾನೆಯೊಂದರ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿ ಸೇರಿ ಅಲ್ಲೇ ನಿವೃತ್ತರಾದವರು. ಅತ್ತೆ ತೀರಿಕೊಂಡ ಮೇಲೆ ಪದ್ಮನಾಭನಗರದ ಈ ಮನೆಯಲ್ಲಿ ನಮ್ಮ ಜೊತೆಗೇ ಇದ್ದಾರೆ. ನಾನು ಹೇಳುತ್ತಿರುವ ವರ್ಷ ಅವರಿಗೆ ಅರವತ್ತೆಂಟು. ಅದರ ಹಿಂದಿನ ದೀಪಾವಳಿಯ ಹೊತ್ತಿಗೆ ಸಣ್ಣದಾಗಿ ಪಾರ್ಶ್ವವಾಯು ಹೊಡೆದು ಬಲಗೈಯ ಹಿಡಿತ ಹೋಗಿತ್ತು. ಕಾಫಿ ಲೋಟ ಎತ್ತಿದರೆ ನಡುಕ. ಡಾಕ್ಟರು ದಿನಾ ಹಿಸುಕಲು ಒಂದು ರಬ್ಬರ್ ಚೆಂಡು ಕೊಟ್ಟಿದ್ದರು. ಮಾವ ಅದನ್ನು ಎರಡು ದಿನ ಹಿಸುಕಿ, ಮೂರನೆಯ ದಿನ ಪಕ್ಕದ ಮನೆಯ ನಾಯಿಗೆ ಎಸೆದರು. "ಮಕ್ಕಳಾಟ ಇದು. ಕೈಗೆ ಕೆಲ್ಸ ಬೇಕು" ಅಂದರು.

ಕೆಲಸ ಬೇಗೂರಿನಿಂದ ಬಂತು, ಲಗೇಜ್ ಆಟೊದಲ್ಲಿ. ಅಲ್ಲಿ ನರ್ಸರಿ ಇಟ್ಟಿದ್ದ ಜಯಮ್ಮ ಎಂಬಾಕೆಯ ಹತ್ತಿರ ಮಾವ ಗುಲಾಬಿ ಗಿಡ ತರುತ್ತಿದ್ದರು. ಆಕೆಯ ಬಳಿ ಒಂದು ನಾಲ್ಕು ಚಕ್ರದ ಬೈಕಿತ್ತು. ಕ್ವಾಡ್ ಬೈಕ್ ಅನ್ನುತ್ತಾರಲ್ಲ, ರೆಸಾರ್ಟುಗಳಲ್ಲಿ ಮಣ್ಣಿನಲ್ಲಿ ಓಡಿಸುತ್ತಾರೆ, ಅದು. ಕನಕಪುರ ರಸ್ತೆಯಲ್ಲಿ ಮುಚ್ಚಿಹೋದ ಒಂದು ರೆಸಾರ್ಟಿನಿಂದ ತಂದು, ಹಿಂದೆ ಒಂದು ಗಾಡಿ ಕಟ್ಟಿ, ಗೊಬ್ಬರ, ಕುಂಡ ಎಲ್ಲ ಅದರಲ್ಲೇ ಸಾಗಿಸುತ್ತಿದ್ದರು. ಈಗ ಹಿಂದಿನ ಚಕ್ರಗಳು ಗರಗರ ಅನ್ನುತ್ತ ಓಲಾಡುತ್ತಿದ್ದವು. ಬೇರಿಂಗ್ ಹೋಗಿತ್ತು. ಆಕೆ ಜೆ.ಪಿ. ನಗರದ ಗ್ಯಾರೇಜಿನವನಿಗೆ ತೋರಿಸಿದಾಗ ಅವನು, "ಎಲ್ಲಾ ತುಕ್ಕು ಹಿಡಿದು ಒಂದೇ ಆಗ್ಬಿಟ್ಟಿದೆ, ಕಟ್ ಮಾಡ್ಲೇಬೇಕು. ಹೊಸ ಆಕ್ಸಲ್ ಎಲ್ಲೂ ಸಿಗಲ್ಲ, ಗುಜರಿಗೆ ಹಾಕ್ಬಿಡಿ" ಎಂದನಂತೆ. ಮಾವ ಅದನ್ನು ಕೇಳಿ, "ನಾನು ಬಿಚ್ಚಿ ಕೊಡ್ತೀನಿ" ಎಂದು ಮಾತು ಕೊಟ್ಟು ಬಂದಿದ್ದರು. ಕಾಫಿ ಲೋಟ ನೆಟ್ಟಗೆ ಹಿಡಿಯಲಾಗದ ಮನುಷ್ಯ!

ವಿಷಯ ಇಷ್ಟೇ. ಹಿಂದಿನ ಎರಡು ಚಕ್ರಗಳ ನಡುವೆ ಒಂದೇ ಒಂದು ಉಕ್ಕಿನ ದಂಡ, ಅದೇ ಆಕ್ಸಲ್. ಅದರ ಎರಡು ತುದಿಗೂ ಚಕ್ರ ಕೂರಿಸುವ ಹಬ್. ಬೇರಿಂಗ್ ಬದಲಾಯಿಸಬೇಕೆಂದರೆ ದಂಡವನ್ನು ಒಂದು ಪಕ್ಕಕ್ಕೆ ಎಳೆಯಬೇಕು, ಎಳೆಯಬೇಕೆಂದರೆ ಇನ್ನೊಂದು ಪಕ್ಕದ ಹಬ್ ಕಳಚಬೇಕು. ಆ ಬಲಗಡೆಯ ಹಬ್ ಕಚ್ಚಿಕೊಂಡಿತ್ತು. ಇಷ್ಟನ್ನು ನಾನು ಕಲಿಯಬೇಕೆಂದು ಕಲಿತದ್ದಲ್ಲ. ಮೂರು ವಾರ ಬೆಳಿಗ್ಗೆ ತಿಂಡಿಗೆ, ಮಧ್ಯಾಹ್ನ ಊಟಕ್ಕೆ ಇದೇ ಮಾತಾಗಿತ್ತು.

ನಾನು ಆಗ ಮುಂದಿನ ಹಾಲಿನಲ್ಲಿ ಹತ್ತನೇ ತರಗತಿಯವರಿಗೆ ಗಣಿತದ ಟ್ಯೂಷನ್ ಹೇಳುತ್ತಿದ್ದೆ. ಬೈಕು ನಿಂತದ್ದು ಆ ಹಾಲಿನ ಕಿಟಕಿಯ ಕೆಳಗೆ. ಮಾವ ಬೆಳಗಿನ ಹೊತ್ತು ಹಬ್ಬಿಗೆ ಡೀಸೆಲ್ ಕುಡಿಸುತ್ತಿದ್ದರು, ಮಗುವಿಗೆ ಔಷಧಿ ಕುಡಿಸಿದ ಹಾಗೆ, ಹನಿ ಹನಿಯಾಗಿ. ಮಧ್ಯಾಹ್ನ ಮಲಗುತ್ತಿದ್ದರು. ಸರಿಯಾಗಿ ಐದು ಗಂಟೆಗೆ, ನಾನು ಹಲಗೆಯ ಮೇಲೆ ತ್ರಿಭುಜ ಎಳೆಯುತ್ತಿದ್ದಂತೆ, ಟಣ್. ಟಣ್. ಎಡಗೈಯಲ್ಲಿ ಸುತ್ತಿಗೆ ಹಿಡಿದು ಹೊಡೆತ. ಎಡಗೈ ಅಭ್ಯಾಸವಿಲ್ಲದ್ದರಿಂದ ನಾಲ್ಕರಲ್ಲಿ ಒಂದು ಏಟು ಗುರಿ ತಪ್ಪಿ ಮಡ್‌ಗಾರ್ಡಿಗೆ ಬೀಳುತ್ತಿತ್ತು. ಆಗ ಶಬ್ದ ಬೇರೆ. ಮಕ್ಕಳು ಎಷ್ಟು ಬಿತ್ತು, ಎಷ್ಟು ತಪ್ಪಿತು ಎಂದು ಪುಸ್ತಕದ ಹಿಂದೆ ಗೀಟು ಹಾಕುತ್ತಿದ್ದರು. ಪರೀಕ್ಷೆಗೆ ಒಂದೂವರೆ ತಿಂಗಳಿತ್ತು.

"ಮಾವ, ಬೆಳಿಗ್ಗೆ ಹೊಡೀಬಾರ್ದಾ?" ಎಂದು ಕೇಳಿದೆ.

"ಬೆಳಿಗ್ಗೆ ಎಣ್ಣೆ ಇಳೀಬೇಕು ಕಣಮ್ಮ. ಸಾಯಂಕಾಲಕ್ಕೆ ಹದವಾಗಿರತ್ತೆ."

"ಹದ ಬರೋಕೆ ಅದೇನು ದೋಸೆ ಹಿಟ್ಟಾ?"

ಅವರು ನಕ್ಕರು. ನಾನು ನಗಲಿಲ್ಲ. ರಾತ್ರಿ ಗಂಡನಿಗೆ ಹೇಳಿದೆ. ಅವರು ಪೇಪರಿನಿಂದ ತಲೆ ಎತ್ತದೆ, "ಅಪ್ಪನ ವಿಷ್ಯಕ್ಕೆ ನಾನು ಬರಲ್ಲ ಕಣೆ, ನೀವಿಬ್ರೇ ನೋಡ್ಕೊಳಿ" ಎಂದರು. ಈ ಗಂಡಂದಿರು ತಮ್ಮ ಅಪ್ಪಂದಿರನ್ನು ಹೆಂಡತಿಯರ ಸುಪರ್ದಿಗೆ ಒಪ್ಪಿಸುವುದು ಯಾವಾಗಲೂ ಪೇಪರ್ ಓದುವಾಗಲೇ. ನೀವೂ ಗಮನಿಸಿರಬಹುದು.

ಮೂರನೆಯ ವಾರ ಬ್ಲೋ ಲ್ಯಾಂಪ್ ಬಂತು. ಹಬ್ಬಿಗೆ ಬೆಂಕಿ ಹಿಡಿದು ಕಾಯಿಸಿ, ಮೂರು ಕಾಲಿನ ಪುಲ್ಲರ್ ಎಂಬ ಸಾಧನವನ್ನು ಏಡಿಯ ಹಾಗೆ ಕಚ್ಚಿಸಿ, ನಡುವಿನ ಬೋಲ್ಟನ್ನು ತಿರುಗಿಸಿ ಎಳೆಯುವ ಪ್ರಯತ್ನ. ಹೊಗೆಯೆಲ್ಲ ಹಾಲಿಗೆ. ಆ ಶುಕ್ರವಾರ ಒಬ್ಬ ಹುಡುಗಿಯ ತಾಯಿ ಗೇಟಿನಲ್ಲೇ ನಿಂತು, "ಮೇಡಂ, ಇದು ಟ್ಯೂಷನ್ನಾ ಗ್ಯಾರೇಜಾ? ಮಗು ಕೆಮ್ಕೊಂಡು ಬರ್ತಾಳೆ. ನಾಳೆಯಿಂದ ಕಳ್ಸಲ್ಲ" ಎಂದು ಹೇಳಿ ಮಗಳ ಕೈ ಹಿಡಿದುಕೊಂಡು ಹೋದರು.

ನಾನು ನೆಟ್ಟಗೆ ಮಾವನ ಮುಂದೆ ಹೋಗಿ ನಿಂತೆ. "ನಿಮ್ಮ ಕೈಲಿ ಆಗಲ್ಲ ಮಾವ. ಭಾನುವಾರ ಆ ಗ್ಯಾರೇಜಿನವನ್ನ ಕರೆಸ್ತೀನಿ. ಕತ್ತರಿಸಿ ಬಿಸಾಕ್ಲಿ" ಎಂದೆ. ಆಗಲ್ಲ ಅನ್ನಬಾರದಿತ್ತು. ಬಾಯಿಂದ ಬಿದ್ದಾಗಲೇ ಗೊತ್ತಾಯಿತು. ಆದರೆ ಸಿಟ್ಟಿನಲ್ಲಿ ಆಡಿದ ಮಾತನ್ನು ಯಾವ ಪುಲ್ಲರ್ ಹಾಕಿ ವಾಪಸು ಎಳೆಯುವುದು? ಅವರು, "ಕತ್ತರಿಸಿದ್ರೆ ಅಳತೆ ಎಲ್ಲಿಂದ ತಗೊಳೋದು? ಇಡಿಯಾಗಿ ಬಂದ್ರೆ ಲೇತಲ್ಲಿ ಕಬ್ಬಿಣ ಕಡೆಸಿ ಇನ್ನೊಂದು ಮಾಡಿಸ್ಬೋದು" ಎಂದರು, ಬಹಳ ಮೆಲ್ಲಗೆ. ನಾನು ಒಳಗೆ ಬಂದುಬಿಟ್ಟೆ.

ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಗ್ಯಾರೇಜಿನವನು ಕಬ್ಬಿಣ ಕತ್ತರಿಸುವ ಗ್ರೈಂಡರ್ ಹಿಡಿದು ಬಂದ. ಮಾವ ತಮ್ಮ ಸ್ಪ್ಯಾನರುಗಳನ್ನು ಒಂದೊಂದಾಗಿ ಒರೆಸಿ ಚೀಲಕ್ಕೆ ಹಾಕಿಕೊಂಡು, ಅವನಿಗೆ ಜಾಗ ಬಿಟ್ಟು, ಕಾಂಪೌಂಡಿನ ಮೂಲೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ನಿಂತರು. ಬೈದಿದ್ದರೆ ನಾನೂ ಬೈಯಬಹುದಿತ್ತು. ಅವನು ವೈರು ಎಳೆದು ಪ್ಲಗ್ ಹಾಕಿ ಸ್ವಿಚ್ ಒತ್ತಿದ. ಏನೂ ಆಗಲಿಲ್ಲ. ಕರೆಂಟ್ ಹೋಗಿತ್ತು.

"ಏರಿಯಾ ಪೂರ್ತಿ ಇಲ್ವಂತೆ ಮೇಡಂ. ಮಧ್ಯಾಹ್ನದ ಮೇಲೆ ಬರ್ತೀನಿ" ಎಂದು ಅವನು ಗ್ರೈಂಡರನ್ನು ಅಲ್ಲೇ ಬಿಟ್ಟು ಹೊರಟ.

ಅವನ ಬೈಕಿನ ಶಬ್ದ ಮೂಲೆ ತಿರುಗಿದ್ದೇ ತಡ, ಮಾವ ಗೋಡೆ ಬಿಟ್ಟು ಬಂದರು. "ಇನ್ನೊಂದೇ ಸಲ ಬಿಸಿ ಮಾಡ್ಲಾ ಕಣಮ್ಮ?" ಮೂವತ್ತೈದು ವರ್ಷ ಕಬ್ಬಿಣದ ಜೊತೆ ಬಾಳಿದ ಮನುಷ್ಯ ತಮ್ಮದೇ ಮನೆಯ ಅಂಗಳದಲ್ಲಿ ನನ್ನ ಅನುಮತಿ ಕೇಳುತ್ತಿದ್ದರು. ನನಗೆ ಅಳು ಬರಬೇಕಿತ್ತು, ಬಂದದ್ದು ಇನ್ನಷ್ಟು ಸಿಟ್ಟು. "ಮಾಡಿ. ಏನಾದ್ರೂ ಮಾಡಿ. ನಾನೂ ಬರ್ತೀನಿ" ಎಂದು ಸೆರಗು ಸಿಕ್ಕಿಸಿದೆ.

ಅವರು ಲ್ಯಾಂಪ್ ಹಿಡಿದರು. ಹಬ್ ಸುತ್ತ ಬಣ್ಣ ಗುಳ್ಳೆಯೆದ್ದು ಹೊಗೆಯಾಡಿತು. ಪುಲ್ಲರ್ ಕಚ್ಚಿಸಿದೆವು. ಬೋಲ್ಟ್ ತಿರುಗಿಸಲು ಅವರ ಕೈಗೆ ಬಲ ಸಾಲದೆ ಹೋದಾಗ ನಾನು ಸ್ಪ್ಯಾನರಿಗೆ ಒಂದು ಉದ್ದನೆಯ ಪೈಪು ತೂರಿಸಿ, ಅದರ ತುದಿಗೆ ಮೈಭಾರವೆಲ್ಲ ಹಾಕಿ ಜೋತುಬಿದ್ದೆ. ಕಾಲು ಸುತ್ತು, ಅರ್ಧ ಸುತ್ತು. ಆಮೇಲೆ ಅಲ್ಲಾಡಲಿಲ್ಲ.

"ಈಗ ಏಟು ಬೇಕು" ಎಂದು ಮಾವ ಸುತ್ತಿಗೆ ತೆಗೆದುಕೊಂಡರು. ಎಡಗೈಯಲ್ಲಿ ಬೀಸಿದ್ದು ಜಾರಿ, ಆಸರೆಗೆ ಇಟ್ಟಿದ್ದ ಬಲಗೈಯ ಬೆರಳ ಮೇಲೇ ಬಿತ್ತು. ಬೆರಳನ್ನು ನೋಡುತ್ತ, "ನೋವೇ ಆಗ್ಲಿಲ್ಲ ನೋಡು" ಎಂದರು, ಯಾರದೋ ಬೆರಳನ್ನು ಕುರಿತು ಹೇಳುವಂತೆ. ಆ ಕೈಗೆ ಏನಾಗಿದೆಯೆಂದು ಅವರಿಗೆ ನಿಜವಾಗಿ ಅರ್ಥವಾದದ್ದು ಆಗಲೇ ಇರಬೇಕು.

ನಾನು ಸುತ್ತಿಗೆ ಕಿತ್ತುಕೊಂಡೆ.

"ಬೋಲ್ಟಿನ ತುದಿಗೆ. ನೆಟ್ಟಗೆ" ಎಂದರು ಮಾವ. ಹೊಡೆದೆ. "ಮೊಣಕೈಯಿಂದ ಅಲ್ಲ, ಭುಜದಿಂದ." ಹೊಡೆದೆ. ಆ ಹುಡುಗಿಯ ತಾಯಿಯನ್ನು ನೆನೆದು ಒಂದು, ಪೇಪರ್ ಓದುವ ಗಂಡನನ್ನು ನೆನೆದು ಒಂದು. ಕೊನೆಯದು ಶುಕ್ರವಾರ ಆಡಬಾರದ ಮಾತಾಡಿದ ನನ್ನ ಬಾಯಿಗೆ. ಪಟಾಕಿ ಸಿಡಿದಂತೆ ಶಬ್ದವಾಯಿತು. ಪುಲ್ಲರ್ ಸಡಿಲವಾಗಿ ನೇತಾಡಿತು.

"ಅಯ್ಯೋ, ಮುರಿದ್ಬಿಟ್ನಾ ಮಾವ?"

ಅವರು ಹಬ್ಬಿಗೆ ಬಟ್ಟೆ ಸುತ್ತಿ ಎಡಗೈಯಲ್ಲಿ ಹಿಡಿದು ಮೆಲ್ಲನೆ ಅಲ್ಲಾಡಿಸಿದರು. ಅದು ಅಲ್ಲಾಡಿತು. "ಬಂತು ಕಣಮ್ಮ" ಎಂದರು. ಇಬ್ಬರೂ ನೆಲದ ಮೇಲೆ ಕುಕ್ಕರಿಸಿದೆವು. ಅವರ ಬೆರಳಿಗೆ ನಾನು ಅರಿಶಿನ ಹಚ್ಚಿ ಬಟ್ಟೆ ಕಟ್ಟುವಾಗಲೂ ಅವರು ಆ ಹಬ್ಬನ್ನು ತೊಡೆಯ ಮೇಲಿಟ್ಟುಕೊಂಡೇ ಇದ್ದರು.

ಮಧ್ಯಾಹ್ನ ಗ್ಯಾರೇಜಿನವನು ಬಂದು ನೋಡಿ ದಂಗಾದ. "ಸಖತ್ ಸಾರ್! ಯಾರು ಬಿಚ್ಚಿದ್ದು?"

ಮಾವ ಕಣ್ಣು ಮಿಟುಕಿಸದೆ ಹೇಳಿದರು: "ನಾನು."

ನಾನು ಅಲ್ಲೇ ನಿಂತಿದ್ದೆ ಸ್ವಾಮಿ, ಅಂಗೈ ತುಂಬ ಬೊಬ್ಬೆ ಇಟ್ಟುಕೊಂಡು! ಅವನಿಗೆ ಕಾಫಿ ಬೇರೆ ಮಾಡಿಕೊಟ್ಟೆ.

ಹೊರಬಂದ ಆಕ್ಸಲ್ ನೋಡಿದರೆ ಬೇರಿಂಗ್ ಕೂರುವ ಜಾಗದಲ್ಲಿ ಸವೆದುಹೋಗಿತ್ತು. ಮಾವ ಅದನ್ನು ಗೋಣಿತಾಟಿನಲ್ಲಿ ಸುತ್ತಿ ಹಳೆಯ ಸ್ನೇಹಿತರೊಬ್ಬರ ಲೇತಿಗೆ ಒಯ್ದು, ಅದೇ ಅಳತೆಗೆ ಇನ್ನೊಂದು ಮಾಡಿಸಿದರು. ಬೈಕು ಬೇಗೂರಿಗೆ ಹೋಯಿತು, ಗೊಬ್ಬರ ಹೊತ್ತಿತು. ಕೆಮ್ಮುತ್ತಿದ್ದ ಹುಡುಗಿ ಒಂದು ವಾರ ಬಿಟ್ಟು ವಾಪಸು ಬಂದಳು. ಆದರೆ "ನಾನೇ ಬಿಚ್ಚಿದೆ" ಎನ್ನುವುದು ಮಾತ್ರ ನಿಲ್ಲಲಿಲ್ಲ. ಜಯಮ್ಮನಿಗೆ, ನೆಂಟರಿಗೆ, ಮದುವೆಮನೆಗಳಲ್ಲಿ ಪಕ್ಕದ ಎಲೆಯವರಿಗೆ, ಕೊನೆಗೆ ನನ್ನ ತಾಯಿಗೂ ಹೇಳಿದರು. ಕಥೆಯಲ್ಲಿ ನಾನು ಮೊದಮೊದಲು ಲ್ಯಾಂಪ್ ಹಿಡಿಯುತ್ತಿದ್ದೆ, ಆಮೇಲೆ ಕಾಫಿ ತರುವವಳಾದೆ, ಕೆಲವು ವರ್ಷಗಳಿಂದ ಕಥೆಯಲ್ಲೇ ಇಲ್ಲ. ಎಲ್ಲರ ಮುಂದೆ ಒಂದು ಸಲ ನಿಜ ಹೇಳಿಬಿಡಬೇಕೆಂದು ಎಷ್ಟು ಸಲ ಬಾಯಿ ತೆರೆದು ಮುಚ್ಚಿದ್ದೇನೋ.

ಈಗ ಅವರಿಗೆ ತೊಂಬತ್ತರ ಹತ್ತಿರ. ಮೊನ್ನೆ ಭಾನುವಾರ, ಮೇಲಿನ ಮನೆಗೆ ಹೊಸದಾಗಿ ಬಾಡಿಗೆಗೆ ಬಂದ ಗದಗಿನ ಗಂಡ ಹೆಂಡತಿ ಪರಿಚಯಕ್ಕೆಂದು ಕೆಳಗೆ ಬಂದರು. ಮಾವ ಶುರು ಮಾಡಿದರು. ಡೀಸೆಲ್ ಬಂತು, ಹೊಗೆ ಬಂತು, ಕರೆಂಟ್ ಹೋಯಿತು, ಪುಲ್ಲರ್ ಕಚ್ಚಿತು. ಅಲ್ಲಿ ನಿಂತುಬಿಟ್ಟರು.

"ಆಮ್ಯಾಗ ಏನಾತ್ರಿ ಅಜ್ಜಾರ?" ಎಂದಳು ಆ ಹೆಂಗಸು.

ಮಾವ ನನ್ನ ಕಡೆ ತಿರುಗಿದರು. ಅವರ ಕಣ್ಣಿನಲ್ಲಿ ತುಂಟತನ ಹುಡುಕಿದೆ, ಇರಲಿಲ್ಲ. ನಿಜವಾಗಿಯೂ ಮರೆತಿದ್ದರು. "ಆಮೇಲೆ ಯಾರು ಹೊಡೆದಿದ್ದು ಕಣಮ್ಮ? ನೀನೇ ಹೇಳು" ಎಂದರು.

ಇಪ್ಪತ್ತು ವರ್ಷ ಕಾದಿದ್ದ ಅವಕಾಶ. ಕೇಳುವವರಿದ್ದರು, ಅವರೇ ಕೇಳಿದ್ದರು.

"ನೀವೇ ಮಾವ" ಎಂದೆ. "ಒಂದೇ ಏಟು. ಭುಜದಿಂದ."

"ಹೂಂ ಮತ್ತೆ" ಎಂದು ಅವರು ಕುರ್ಚಿಯಲ್ಲಿ ನೆಟ್ಟಗೆ ಕೂತರು.